ಒಂದೇ ಬಸ್ಸಿನ ಲಿಮಿಟೆಡ್ ಕಂಪನಿ

ಕಂಪನಿ ನಡೆಸುವವರಿಗೆ ನಗಲು ಪುರುಸೊತ್ತಿರುವುದಿಲ್ಲ ಎನ್ನುವವರು ಯಾವತ್ತೂ ಕಂಪನಿ ನಡೆಸಿದವರಲ್ಲ. ನಾನು ನಡೆಸಿದ್ದೇನೆ. ನಗುವ ಸಂಗತಿಗಳನ್ನು ನಾನಾಗಿ ಹುಡುಕಿಕೊಂಡು ಹೋದದ್ದೇ ಇಲ್ಲ. ಅವು ವಾರಕ್ಕೊಂದರಂತೆ ಟಿಕೆಟ್ಟಿಲ್ಲದೆ ನಮ್ಮ ಬಸ್ಸು ಹತ್ತಿ, ನೇರ ನನ್ನ ಜಗಲಿಗೇ ಬಂದು ಇಳಿಯುತ್ತಿದ್ದವು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಇಡೀ ರಾಜ್ಯಕ್ಕೆ ಇಬ್ಬರೇ ಮಂತ್ರಿಗಳು. ಅಂಥ ರಾಜ್ಯದಲ್ಲಿ ಒಂದೇ ಬಸ್ಸಿನ ಕಂಪನಿಯನ್ನು ಯಾರೂ ಚಿಕ್ಕದೆಂದು ಹೀಯಾಳಿಸುವಂತಿರಲಿಲ್ಲ. ನಾನು ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದವನು. ನನ್ನನ್ನು ಕರೆತಂದು ಹುದಿಕೇರಿಯಲ್ಲಿ ಕಂಪನಿ ಸೆಕ್ರೆಟರಿ ಮಾಡಿದರು. ಸಂಬಳ ಏರಲಿಲ್ಲ, ಹೆಸರು ಮಾತ್ರ ಏರಿತು.

೧. ಹುಟ್ಟುವ ಮೊದಲು

ನಮ್ಮ ಮಾಲೀಕರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಮದುವೆಯಾದವರಲ್ಲ. ಊರಿಗೆ ಬಂದವರೇ ಯುದ್ಧಕಾಲದ ಒಂದು ಲಾರಿಯನ್ನು ಹರಾಜಿನಲ್ಲಿ ಹಿಡಿದು, ಅದಕ್ಕೆ ಮರದ ಮೈ ಕಟ್ಟಿಸಿ, ಬಸ್ಸೆಂದು ಕರೆದು ಹುದಿಕೇರಿಯಿಂದ ಕುಟ್ಟಕ್ಕೆ ಓಡಿಸಲು ತೊಡಗಿದರು. ಸುಬೇದಾರರು, ಲಾರಿ ಇಬ್ಬರೂ ಯುದ್ಧದಿಂದ ಮರಳಿದವರೇ. ಪಿಂಚಣಿ ಮಾತ್ರ ಒಬ್ಬರಿಗಿತ್ತು.

ಸುಬೇದಾರರ ತಾಯಿಯನ್ನು ಊರೆಲ್ಲ ಅವ್ವ ಎಂದೇ ಕರೆಯುತ್ತಿತ್ತು. ಅವ್ವನಿಗೆ ಆ ಬಸ್ಸನ್ನು ಕಂಡರೆ ಒಂದೇ ಹೆದರಿಕೆ. "ಈ ಗಾಡಿ ಹಳ್ಳಕ್ಕೆ ಬೀಳುವುದಾದರೆ ಅದೊಂದೇ ಬೀಳಲಿ. ಮನೆ, ಗದ್ದೆ ಅದರ ಹಿಂದೆ ಹೋಗಬಾರದು" ಎಂದು ಹಟ ಹಿಡಿದರು. ಆ ಮನೆ ಅವರ ಮಾವನ ಅಜ್ಜನ ಕಾಲದ್ದು. ಅದು ಕೈತಪ್ಪಿದರೆ ತಾನು ಬದುಕಿದ್ದೂ ಸತ್ತ ಹಾಗೆ ಎಂದು ಅವ್ವ ನಂಬಿದ್ದರು. ಸರಿ, ಎಲ್ಲರೂ ಸೇರಿ ವಿರಾಜಪೇಟೆಯ ವಕೀಲರ ಬಳಿ ಹೋದೆವು.

ವಕೀಲರು ಕನ್ನಡಕ ಒರೆಸಿಕೊಂಡು, "ಇದಕ್ಕೆ ಒಂದೇ ದಾರಿ. ಲಿಮಿಟೆಡ್ ಕಂಪನಿ ಮಾಡಿ. ಕಂಪನಿ ಎಂದರೆ ಕಾನೂನಿನ ಪ್ರಕಾರ ಒಬ್ಬ ಬೇರೆಯೇ ಮನುಷ್ಯ. ಬಸ್ಸು ಅವನದು. ಏನೇ ಆದರೂ ಹೊಣೆ ಅವನದು" ಎಂದರು.

"ಎಂತ ಮನುಷ್ಯ ಮಾರಾಯ? ಯಾವ ಒಕ್ಕದವನು?" ಎಂದರು ಅವ್ವ. ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು ಮನೆತನವನ್ನೇ.

"ಒಕ್ಕ ಇಲ್ಲ ಅವ್ವ. ಅವನು ಕಾನೂನಿಗೆ ಮಾತ್ರ ಕಾಣುವವನು."

"ಊಟ ಮಾಡ್ತಾನಾ?"

"ಇಲ್ಲ."

"ಕುಡಿಯುವುದು ಉಂಟಾ?"

"ಅದೂ ಇಲ್ಲ."

"ಸಾಲ ಮಾಡಿದರೆ?"

"ಅವನ ಸಾಲಕ್ಕೆ ಅವನೇ ಜವಾಬ್ದಾರ. ನಿಮ್ಮ ಮನೆಯ ಒಂದು ಹೆಂಚನ್ನೂ ಯಾರೂ ಮುಟ್ಟುವಂತಿಲ್ಲ."

ಅವ್ವ ಪಕ್ಕದಲ್ಲಿ ಕೂತಿದ್ದ ಮಗನನ್ನೊಮ್ಮೆ, ಅಳಿಯನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಸಾಲ ಮಾಡಿದರೆ ತನ್ನದೇ ಎನ್ನುತ್ತಾನೆ. ಇಂಥ ಗಂಡಸನ್ನು ನಮ್ಮ ಮನೆಯಲ್ಲಿ ನಾನು ಇಷ್ಟು ವರ್ಷಕ್ಕೂ ನೋಡಿಲ್ಲ. ಎಲ್ಲಿ ಸಹಿ ಹಾಕಬೇಕು?" ಎಂದರು.

೨. ಒಂದು ಗುಂಡು

ಅವ್ವ, ಸುಬೇದಾರರು ಮತ್ತು ಅವರ ತಂಗಿಯ ಗಂಡ, ಮೂವರು ಡೈರೆಕ್ಟರುಗಳು. ತಂಗಿಯ ಗಂಡನನ್ನು ಎಲ್ಲರೂ ಬಾವ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಕಂಪನಿಗೊಂದು ರಿಜಿಸ್ಟರ್ಡ್ ಆಫೀಸು ಬೇಕೆಂದಾಗ, ಹುದಿಕೇರಿ ಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಜಗಲಿಗೆ ಆ ಭಾಗ್ಯ ಬಂತು. ಬಾಡಿಗೆ ಕೊಡುವ ಭಾಗ್ಯ ನನ್ನಲ್ಲೇ ಉಳಿಯಿತು.

ಕೆಲವು ತಿಂಗಳ ಮೇಲೆ ಮಡಿಕೇರಿಯಿಂದ ಕಂಪನಿ ರಿಜಿಸ್ಟರಾದ ಸುದ್ದಿ ಬಂತು. ಸುಬೇದಾರರಿಗೆ ಹಿಗ್ಗೋ ಹಿಗ್ಗು. ಹೊಸ ಮನುಷ್ಯನೊಬ್ಬ ಹುಟ್ಟಿದ್ದಾನೆಂದು ವಕೀಲರೇ ಹೇಳಿದ ಮೇಲೆ ಸುಮ್ಮನಿರುವುದು ಹೇಗೆ? ಕೋವಿ ತೆಗೆದು ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹೊಡೆದರು.

ಮನೆಯಲ್ಲಿ ಗಂಡು ಹುಟ್ಟಿದರೆ ಕೊಡವರು ಊರಿಗೆ ತಿಳಿಸುವುದು ಹೀಗೆಯೇ, ಒಂದೇ ಗುಂಡಿನಿಂದ. ಊರು ಕಿವಿಗೊಟ್ಟಿತು. ಸ್ವಲ್ಪ ಹೊತ್ತಿಗೆಲ್ಲ ಸುತ್ತಲಿನ ಹೆಂಗಸರು ಬಾಣಂತಿಗೆಂದು ಕೋಳಿ, ಮೊಟ್ಟೆ, ತುಪ್ಪ ಹಿಡಿದುಕೊಂಡು ಗದ್ದೆಬದುವಿನ ಮೇಲೆ ಸಾಲಾಗಿ ಬಂದರು. ಬರುತ್ತಾ ಅವರ ಮುಖದಲ್ಲಿ ಸಂತೋಷಕ್ಕಿಂತ ಕುತೂಹಲವೇ ಹೆಚ್ಚಿತ್ತು. ಮದುವೆಯೇ ಆಗದ ಸುಬೇದಾರರ ಮನೆಯಲ್ಲಿ ಬಾಣಂತಿ ಯಾರು?

ಮೊದಲು ಬಂದಾಕೆ ಮೆಲ್ಲಗೆ ಕೇಳಿದಳು, "ಮಗು ಎಲ್ಲಿ ಅವ್ವ?"

"ಇಲ್ಲಿಲ್ಲ, ಮಡಿಕೇರಿಯಲ್ಲಿ ಹುಟ್ಟಿದ್ದು."

"ತಾಯಿ?"

"ತಾಯಿ ಎಂತದ್ದು? ಎಲ್ಲಾ ವಕೀಲರೇ ಮಾಡಿಸಿದ್ದು. ನಾವು ಮೂವರು ಸಹಿ ಹಾಕಿದೆವು, ಅಷ್ಟೇ."

ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಸೆರಗು ಬಾಯಿಗೆ ಹಿಡಿದು ಹಿಂದಿನ ಸಾಲಿಗೆ ಹೋಗಿ ಪಿಸುಗುಟ್ಟಿದಳು. ಸುಬೇದಾರರು ಒಳಗಿನಿಂದ ಬಂದು, ಕಂಪನಿ ಎಂದರೇನು, ಷೇರು ಎಂದರೇನು ಎಂದು ಮಿಲಿಟರಿ ದನಿಯಲ್ಲಿ ವಿವರಿಸತೊಡಗಿದರು. ಅವರು ವಿವರಿಸಿದಷ್ಟೂ ಹೆಂಗಸರ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಮಡಿಕೇರಿಯ ಆ ಹೆಂಗಸು ಯಾರಿರಬಹುದೆಂದು ಊರು ಆಮೇಲೆ ಬಹಳ ಕಾಲ ಮಾತಾಡಿಕೊಂಡಿತು. ಕೋಳಿಗಳನ್ನು ವಾಪಸ್ ಕೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ನಮ್ಮ ಕಂಪನಿಯ ಮೊದಲ ವರಮಾನ ಅದೇ.

೩. ಆಯುಧ

ಕಂಪನಿಗೆ ಸಹಿ ಹಾಕಲು ಕೈ ಇಲ್ಲದ ಕಾರಣ ಒಂದು ಮುದ್ರೆ ಬೇಕು. ಹಿತ್ತಾಳೆಯ ಒಳ್ಳೆಯ ಮುದ್ರೆಯನ್ನೇ ಕೆತ್ತಿಸಿ ತಂದೆವು. "ಇದು ಕೆಟ್ಟವರ ಕೈಗೆ ಸಿಕ್ಕರೆ ಕೋವಿಗಿಂತ ಅಪಾಯ" ಎಂದು ವಕೀಲರು ಎಚ್ಚರಿಸಿದ್ದರು. ಅವ್ವ ಆ ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡರು. ಮಳೆಗಾಲ ಶುರುವಾಗಿ ನಾಟಿ ಕೆಲಸಕ್ಕೆ ಮೊದಲು ಮನೆಯ ಕೋವಿ, ಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟಾಗ ಮುದ್ರೆಯನ್ನೂ ಅವುಗಳ ಜೊತೆಗೇ ಇಟ್ಟುಬಿಟ್ಟರು.

ಹಾಗೆ ಇಟ್ಟ ಆಯುಧವನ್ನು ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆ ಮಾಡಿಯೇ ಹೊರಗೆ ತೆಗೆಯಬೇಕು, ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಬಾವ ತನ್ನ ಷೇರು ಪತ್ರಕ್ಕೆ ಮುದ್ರೆ ಒತ್ತಿಸಿಕೊಳ್ಳಲು ಕೊಡೆ ಹಿಡಿದು ಬಂದರು. ಆಗದು ಎಂದರು ಅವ್ವ. "ಕಾನೂನು ಹೀಗೆ ಹೇಳುತ್ತದೆ" ಎಂದು ನಾನು ಬಾಯಿ ತೆರೆದೆ. "ನಿಮ್ಮ ಕಾನೂನು ನಿನ್ನೆಯದು" ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದರು. ಇಡೀ ಮಳೆಗಾಲ ನಮ್ಮ ಕಂಪನಿ ಕೈಕಟ್ಟಿ ಕೂತಿತು.

ಕೊನೆಗೂ ಹಬ್ಬ ಬಂತು. ಕೋವಿಗಳಿಗೆಲ್ಲ ಗಂಧ ಹಚ್ಚಿ, ನಳಿಗೆಗೆ ಹೂ ಸಿಕ್ಕಿಸಿದರು. ಮುದ್ರೆಗೂ ಅವ್ವ ಭಕ್ತಿಯಿಂದ ದಪ್ಪಗೆ ಗಂಧ ಮೆತ್ತಿದರು. ಅದು ಕೆತ್ತಿದ ಅಕ್ಷರಗಳೊಳಗೆ ಇಳಿದು ಗಟ್ಟಿಯಾಯಿತು. ನಾನು ಷೇರು ಪತ್ರದ ಮೇಲೆ ಒತ್ತಿದರೆ ಕಂಪನಿಯ ಹೆಸರಿನ ಬದಲು ದುಂಡನೆಯ ಗಂಧದ ಬೊಟ್ಟು ಬಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬಾವ ಆ ಪತ್ರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ದೇವರೇ ಒಪ್ಪಿ ಕೊಟ್ಟ ಷೇರು, ಇನ್ನು ಕಂಪನಿಯ ಮುದ್ರೆ ಯಾಕೆ?" ಎಂದು ಮಡಚಿ ಅಂಗಿಯ ಒಳಗಿಟ್ಟುಕೊಂಡರು.

೪. ಸರ್ವಾನುಮತ

ಕಂಪನಿಯ ದೊಡ್ಡ ಸಮಸ್ಯೆ ಎಂದರೆ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಕುಟ್ಟ ತಲುಪುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಬಾವನ ಗೇಟಿನ ಮುಂದೆ ಬಸ್ಸು ನಿಂತು, ಹಾರನ್ ಹೊಡೆದು, ಬಾವ ಕ್ಷೌರ ಮುಗಿಸಿ ಬರುವವರೆಗೆ ಕಾಯುತ್ತಿತ್ತು. ಅವ್ವ ಹೋಗುವ ದಿನ ತೋಟದ ಕಿತ್ತಳೆ ಬುಟ್ಟಿಗಳೆಲ್ಲ ಏರುವವರೆಗೆ ಕಾಯುತ್ತಿತ್ತು. ಪ್ರಯಾಣಿಕರು ಗೊಣಗಿ ಗೊಣಗಿ ಸುಸ್ತಾಗಿ, ಬಸ್ಸಿಗೆ ಬರುವಾಗ ಹೊದಿಕೆಯನ್ನೂ ತರಲು ಶುರು ಮಾಡಿದ್ದರು.

ಇದನ್ನು ನಿಲ್ಲಿಸಬೇಕೆಂದು ಸುಬೇದಾರರು ಬೋರ್ಡ್ ಮೀಟಿಂಗ್ ಕರೆದರು. ಮನೆಯ ಒಳಜಗಲಿಯಲ್ಲಿ ದೀಪ ಹಚ್ಚಿಟ್ಟು ಕೂತರು. "ಇನ್ನು ಮುಂದೆ ಬಸ್ಸು ಯಾವ ಡೈರೆಕ್ಟರ್ ಗೇಟಿನಲ್ಲೂ ಕಾಯಕೂಡದು" ಎಂದು ನಾನು ಠರಾವು ಓದಿದೆ. "ವಿರೋಧ ಇದ್ದವರು ಹೇಳಿ."

ಯಾರು ಹೇಳುತ್ತಾರೆ? ದೀಪದ ಮುಂದೆ, ಅವ್ವನ ಎದುರು, ಚಿಕ್ಕವರು ಎದುರಾಡುವಂತಿಲ್ಲ. ಅವ್ವನೋ ಎಲ್ಲರ ಮುಂದೆ ಮಗನ ಮಾತು ಕಡಿಯುವವರಲ್ಲ. ಮೂವರೂ ತಲೆಯಾಡಿಸಿದರು. ಠರಾವು ಸರ್ವಾನುಮತದಿಂದ ಪಾಸಾಯಿತು. ಇಷ್ಟು ಸುಲಭವಾಗಿ ಕಂಪನಿ ನಡೆಯುವುದನ್ನು ಕಂಡು ನನಗೂ ಎದೆಯುಬ್ಬಿತು.

ಚಪ್ಪಲಿ ಹಾಕಿಕೊಳ್ಳಲು ಅಂಗಳಕ್ಕೆ ಇಳಿದೆ. ಬಾವ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದು, "ಅದು ಒಳಗೆ ಹೇಳಿದ್ದು. ನನ್ನ ಗೇಟಿನಲ್ಲಿ ನಿಲ್ಲಲಿ, ಡ್ರೈವರಿಗೆ ನಾನು ಹೇಳಿದ್ದೇನೆ" ಎಂದರು. ಕೊಟ್ಟಿಗೆಯ ಮೂಲೆಯಲ್ಲಿ ಅವ್ವ ಕಾಯುತ್ತಿದ್ದರು. "ಕಿತ್ತಳೆ ಬುಟ್ಟಿ ಡೈರೆಕ್ಟರಲ್ಲವಲ್ಲ, ಅದಕ್ಕೆ ಕಾದರೆ ತಪ್ಪಿಲ್ಲ" ಎಂದರು. ಗೇಟು ದಾಟುವಷ್ಟರಲ್ಲಿ ಠರಾವು ತಂದ ಸುಬೇದಾರರೇ ಓಡಿಬಂದು, "ನಾಳೆ ಒಂದು ದಿನ ಸ್ವಲ್ಪ ಕಾಯಲಿ ಮಾರಾಯ, ಬೂಟು ಪಾಲಿಶ್ ಆಗಬೇಕು" ಎಂದರು. ಒಳಗೆ ಸರ್ವಾನುಮತದಿಂದ ಪಾಸಾದದ್ದು ಅಂಗಳದಲ್ಲಿ ಸರ್ವಾನುಮತದಿಂದಲೇ ಬಿದ್ದುಹೋಯಿತು. ನಮ್ಮ ಒಗ್ಗಟ್ಟಿನ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ.

೫. ಹಂದಿಯ ಪಾಲು

ಬೇರೆ ಕಡೆ ಜನ ಕೊಡೆ ಹಿಡಿದು ಬಸ್ಸು ಹತ್ತುವ ಹಾಗೆ ನಮ್ಮಲ್ಲಿ ಕೋವಿ ಹಿಡಿದು ಹತ್ತುತ್ತಿದ್ದರು. ಒಂದು ಸಂಜೆ ಕುಟ್ಟದಿಂದ ಬರುವಾಗ ಕಾಡುಹಂದಿಯೊಂದು ರಸ್ತೆ ದಾಟಿತು. ಡ್ರೈವರ್ ಬ್ರೇಕು ಒತ್ತುವ ಮೊದಲೇ ಅರ್ಧ ಬಸ್ಸು ಖಾಲಿಯಾಗಿತ್ತು. ಹೊಡೆದದ್ದು ಬಾವ.

ಇಲ್ಲಿ ಬೇಟೆಯ ಮಾಂಸ ಹಂಚಲು ಕಟ್ಟುನಿಟ್ಟಿನ ಕ್ರಮವಿದೆ. ಹೊಡೆದವನಿಗೆ ದೊಡ್ಡ ಪಾಲು, ಮೊದಲು ಹೋಗಿ ಬಾಲ ಮುಟ್ಟಿದವನಿಗೆ ಒಂದು, ಜೊತೆಗಿದ್ದ ನಾಯಿಗೊಂದು, ಹಾಜರಿದ್ದ ಪ್ರತಿ ಮನುಷ್ಯನಿಗೂ ಒಂದೊಂದು. ರಸ್ತೆಬದಿಯಲ್ಲಿ ಎಲೆ ಹಾಸಿ ಪಾಲು ಹಾಕುವಾಗ ಯಾರೋ ಒಬ್ಬ, "ಹಾಜರಿದ್ದ ಮನುಷ್ಯ ಅಂದರೆ ಕಂಪನಿಯೂ ಬಂತಲ್ಲ?" ಎಂದ. ಎಲ್ಲರೂ ಹಿಂದಿನ ಸೀಟಿನತ್ತ ತಿರುಗಿದರು. ಅಲ್ಲಿ ವಿರಾಜಪೇಟೆಯ ವಕೀಲರು ಕುಟ್ಟದ ಕೇಸು ಮುಗಿಸಿ ತೂಕಡಿಸುತ್ತಿದ್ದರು.

"ಕಂಪನಿ ಉಣ್ಣುವುದಿಲ್ಲ ಅಂದಿದ್ದಿರಲ್ಲ?" ಎಂದರು ಬಾವ, ತನ್ನ ಪಾಲು ಕಡಿಮೆಯಾಗುವ ಭಯದಿಂದ.

"ಉಣ್ಣುವುದಿಲ್ಲ, ಆದರೆ ಆಸ್ತಿ ಹೊಂದಬಹುದು" ಎಂದರು ವಕೀಲರು. ಕಾನೂನಿನ ವಿಷಯದಲ್ಲಿ ಅವರು ನಿದ್ದೆಗಣ್ಣಿನಲ್ಲೂ ತಪ್ಪುವವರಲ್ಲ.

ಕಂಪನಿಯ ಆಸ್ತಿ ಎಲ್ಲಿಗೆ ಹೋಗಬೇಕು? ರಿಜಿಸ್ಟರ್ಡ್ ಆಫೀಸಿಗೆ. ರಿಜಿಸ್ಟರ್ಡ್ ಆಫೀಸು ಎಲ್ಲಿದೆ? ನನ್ನ ಜಗಲಿಯಲ್ಲಿ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಪಿಸುದನಿಯಲ್ಲಿ ಹೇಳುತ್ತೇವೆ. ಬಾಗಿಲು ತೆರೆದ ನನ್ನ ಹೆಂಡತಿಯ ಎದುರು ಡ್ರೈವರ್ ಬಾಳೆಲೆಯ ದೊಡ್ಡ ಕಟ್ಟು ಹಿಡಿದು, "ಕಂಪನಿಗೆ" ಎಂದ.

ಅವಳು ಒಳಗೆ ಬಂದು ನನ್ನ ಮುಂದೆ ನಿಂತಳು. "ನೋಡ್ರೀ, ನಿಮ್ಮ ಕಂಪನಿ ಹಗಲೂ ರಾತ್ರಿ ಜಗಲೀಲಿ ಬಿದ್ಕೊಂಡಿದ್ದನ್ನ ಸಹಿಸ್ಕೊಂಡೆ. ಬಾಡಿಗೆ ಕೊಡ್ದೆ ಇದ್ದಿದ್ದನ್ನೂ ಸಹಿಸ್ಕೊಂಡೆ. ಹಂದಿ ತಿನ್ನೋ ಹಾಗಿದ್ರೆ ಬೇರೆ ಮನೆ ನೋಡ್ಕೊಳ್ಳಕ್ಕೆ ಹೇಳಿ."

ಸೆಕ್ರೆಟರಿ ಕಂಪನಿಯ ಆಸ್ತಿಯನ್ನು ಬಿಸಾಡುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ತುರ್ತು ಮೀಟಿಂಗಿಗೆ ಹೇಳಿ ಕಳಿಸಿದೆ. ಯಾವತ್ತೂ ಹೊತ್ತಿಗೆ ಬಾರದ ಡೈರೆಕ್ಟರುಗಳು ಪಾತ್ರೆ ಸಮೇತ ಬಂದರು. ಕಂಪನಿಯ ಪರವಾಗಿ ಡೈರೆಕ್ಟರುಗಳೇ ಉಣ್ಣತಕ್ಕದ್ದು ಎಂದು ಠರಾವಾಯಿತು. ಅಂಗಳದಲ್ಲೂ ವಿರೋಧ ಬಾರದ ಠರಾವು ನಮ್ಮ ಕಂಪನಿಯ ಚರಿತ್ರೆಯಲ್ಲಿ ಅದೊಂದೇ.

೬. ಹೋಟೆಲು

ಹುದಿಕೇರಿ ಪೇಟೆಯ ಇಳಿಜಾರಿನ ತುದಿಗೆ, ಗಡಿಯಾಚೆಯ ಮಲಬಾರಿನಿಂದ ಬಂದವನೊಬ್ಬ ಒಂದು ಚಾ ಹೋಟೆಲು ಇಟ್ಟಿದ್ದ. ಬಿದಿರ ತಟ್ಟಿ, ತಗಡಿನ ಮಾಡು, ಒಂದು ಗಾಜಿನ ಪೆಟ್ಟಿಗೆ. ಹಬೆಯಲ್ಲಿ ಬೇಯಿಸಿದ ಅವನ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತಿನ್ನದೆ ನಮ್ಮ ಡ್ರೈವರ್ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಬಸ್ಸನ್ನು ಮೇಲೆ ನಿಲ್ಲಿಸಿ, ಗಾಲಿಗೆ ಒಂದು ಕಲ್ಲು ಕೊಟ್ಟು ಬರುತ್ತಿದ್ದ. ಕೈಬ್ರೇಕು ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ, "ಅದು ಇದ್ದರಲ್ಲವಾ ಹಾಕುವುದು?" ಎನ್ನುತ್ತಿದ್ದ.

ಒಂದು ಬೆಳಗ್ಗೆ ಜಡಿಮಳೆಗೆ ಮಣ್ಣು ಕರಗಿ ಕಲ್ಲು ಜಾರಿತು. ಬಸ್ಸು ಡ್ರೈವರಿಲ್ಲದೆ, ಪ್ರಯಾಣಿಕರಿಲ್ಲದೆ, ಯಾರ ಗೇಟಿನಲ್ಲೂ ನಿಲ್ಲದೆ ಇಳಿದು ಬಂತು. ಕೂಗು ಕೇಳಿ ಹೋಟೆಲಿನಲ್ಲಿದ್ದವರೆಲ್ಲ ಗ್ಲಾಸು ಸಮೇತ ಹೊರಗೆ ಹಾರಿದರು. ಯಾರಿಗೂ ಗಾಯವಾಗಲಿಲ್ಲ. ಹೋಟೆಲು ಮಾತ್ರ ಇಲ್ಲವಾಯಿತು. ಹೋಟೆಲಿನವನು ಕೈಯಲ್ಲಿ ಉಳಿದಿದ್ದ ಕೆಟಲು ಹಿಡಿದು ಮಳೆಯಲ್ಲೇ ರಸ್ತೆಯ ಮೇಲೆ ಕೂತುಬಿಟ್ಟ. ನಾನು ನನ್ನ ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದು ನಿಂತೆ.

ಮರುದಿನ ಅವ್ವನ ಮನೆಯಲ್ಲಿ ಎಲ್ಲರೂ ಸೇರಿದೆವು. ಹೋಟೆಲಿನವನು ಅಂಗಳದಲ್ಲಿ ನಿಂತಿದ್ದ. ಅಲ್ಲಿದ್ದವರಲ್ಲಿ ಸಂತೋಷವಾಗಿದ್ದವರು ವಕೀಲರೊಬ್ಬರೇ.

"ಈ ದಿನಕ್ಕಾಗಿಯೇ ನಾವು ಕಂಪನಿ ಮಾಡಿದ್ದು! ಹೊಣೆ ಪೂರ್ತಿ ಕಂಪನಿಯದು. ಕಂಪನಿಯ ಆಸ್ತಿ ಎಂದರೆ ಬಸ್ಸೊಂದೇ. ಅದು ಈಗಾಗಲೇ ಇವನ ಹೋಟೆಲಿನೊಳಗೇ ಇದೆ. ಬೇಕಾದರೆ ಇಟ್ಟುಕೊಳ್ಳಲಿ. ಈ ಮನೆಗೂ ಗದ್ದೆಗೂ ಏನೂ ಆಗುವುದಿಲ್ಲ" ಎಂದರು.

ಬಾವ ನೆಮ್ಮದಿಯ ಉಸಿರು ಬಿಟ್ಟರು. ಸುಬೇದಾರರು ಮಾತ್ರ ನೆಲ ನೋಡುತ್ತಾ ಕೂತಿದ್ದರು. ಗೆದ್ದಿರಿ ಎಂದು ಹೇಳಿದರೂ ನಂಬದ ಮುಖ.

ಅವ್ವ ಹೋಟೆಲಿನವನನ್ನು ಕೇಳಿದರು. "ಮನೆಯಲ್ಲಿ ಯಾರೆಲ್ಲ ಉಂಟು ನಿನಗೆ?"

"ಹೆಂಡತಿ, ಮಕ್ಕಳು, ಅತ್ತೆ."

"ನಾಳೆ ಚಾ ಎಲ್ಲಿ ಕಾಯಿಸುತ್ತೀ?"

ಅವನು ತಲೆ ತಗ್ಗಿಸಿದ.

"ಈ ಜಗಲಿ ದೊಡ್ಡದುಂಟು. ಆ ಮೂಲೆಯಲ್ಲಿ ಒಲೆ ಹೂಡು. ಮರ ನಮ್ಮ ತೋಟದ್ದೇ ಕಡಿಸಿ ನಿನ್ನ ಹೋಟೆಲು ಕಟ್ಟಿಸುವ. ಅಲ್ಲಿಯವರೆಗೆ ಇಲ್ಲೇ ನಡೆಸು."

ವಕೀಲರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅವ್ವಾ! ಈ ಮನೆ ಉಳಿಸುವುದಕ್ಕೇ ಅಲ್ಲವಾ ಇಷ್ಟೆಲ್ಲ ಮಾಡಿದ್ದು?"

"ಉಳಿಯಿತಲ್ಲ, ಅದಕ್ಕೇ ಕೂರಿಸುತ್ತಿದ್ದೇನೆ. ಮನೆಯೇ ಹೋಗಿದ್ದರೆ ಇವನನ್ನು ಎಲ್ಲಿ ಕೂರಿಸುವುದಿತ್ತು?"

ವಕೀಲರು ಮತ್ತೆ ಕೂತರು. ಸುಬೇದಾರರು ಅಂದು ಮೊದಲ ಬಾರಿಗೆ ತಲೆಯೆತ್ತಿದರು. ನನಗೂ ಆ ಮುದುಕಿಯ ಕಾಲು ಹಿಡಿಯಬೇಕೆನಿಸಿತು, ಜೊತೆಗೆ ನನ್ನ ಸಂಬಳ ಇನ್ನು ಯಾವ ಜಗಲಿಯಲ್ಲಿ ಹುಡುಕುವುದೆಂಬ ಚಿಂತೆಯೂ ಬಂತು.

ಹೀಗೆ ಸಾಲ ಕೊಟ್ಟ ಯಾರೂ ಕಾಲಿಡದಂತೆ ಕಾನೂನಿನ ಬೇಲಿ ಹಾಕಿದ್ದ ಮನೆಗೆ ಊರಿಗೆ ಊರೇ ಚಾ ಕುಡಿಯಲು ಬರತೊಡಗಿತು. ಹಿರಿಯರ ವಿನಾ ಬೇರೆಯವರು ಕೂರಬಾರದ ಜಗಲಿ ಹಲಗೆಯ ಮೇಲೆ ಎಸ್ಟೇಟ್ ಆಳುಗಳು, ಮಾಪಿಳ್ಳೆ ವ್ಯಾಪಾರಿಗಳು, ಕಂಡಕ್ಟರ್ ಎಲ್ಲರೂ ಕೂತು ಪುಟ್ಟು ತಿಂದರು. ಅವ್ವ ಎಲ್ಲರನ್ನೂ ಒಕ್ಕ ಕೇಳುತ್ತಾ ಖುಷಿಯಾಗಿದ್ದರು. ಹೋಟೆಲು ಕಟ್ಟಿಸುವ ಮಾತನ್ನು ಅವರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಬಸ್ಸು ರಿಪೇರಿಯಾಗಿ ಮತ್ತೆ ಓಡತೊಡಗಿದ ದಿನ ಸುಬೇದಾರರು ನನ್ನನ್ನು ಕರೆದುಕೊಂಡು ಮನೆಗೆ ಬಂದರು. ಸ್ವಂತ ಜಗಲಿಯಲ್ಲಿ ಜಾಗ ಹುಡುಕಿ, ಇಬ್ಬರು ಗಿರಾಕಿಗಳ ನಡುವೆ ತೂರಿಕೊಂಡು ಕೂತರು. "ಎರಡು ಕಾಫಿ. ಕಂಪನಿ ಲೆಕ್ಕಕ್ಕೆ ಬರೆದುಕೋ" ಎಂದರು.

ಹೋಟೆಲಿನವನು ಕಾಫಿ ತಂದ. ಗ್ಲಾಸು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತ. "ಸಾರೇ, ನಿಮ್ಮ ಲೆಕ್ಕಕ್ಕೆ ಬೇಕಾದರೆ ವರ್ಷಗಟ್ಟಲೆ ಬರೀತೇನೆ. ಅವ್ವನ ಲೆಕ್ಕಕ್ಕೆ ಸಾಯುವವರೆಗೂ ಬರೀತೇನೆ. ಲಿಮಿಟೆಡ್ ಕಂಪನಿಗೆ ಮಾತ್ರ ಇಲ್ಲಿ ಕಡ ಇಲ್ಲ."

ಸುಬೇದಾರರ ಮೀಸೆ ನಿಮಿರಿತು. ಸೆಕ್ರೆಟರಿ ಈಗ ಏನು ಹೇಳುತ್ತಾನೆ ಎನ್ನುವಂತೆ ನನ್ನತ್ತ ನೋಡಿದರು. ಕಂಪನಿಯ ಮಾನ ಕಾಪಾಡುವುದು ನನ್ನ ಕೆಲಸ, ಅದಕ್ಕೇ ನನಗೆ ಸಂಬಳ. ಆದರೆ ಹೊರಗೆ ಮಳೆ ಹೊಯ್ಯುತ್ತಿತ್ತು, ಕಾಫಿಯಿಂದ ಹಬೆ ಏಳುತ್ತಿತ್ತು.

"ಅವ್ವನ ಲೆಕ್ಕಕ್ಕೇ ಬರೆಯಪ್ಪ" ಎಂದೆ.